ಸಣ್ಣ ಡೀಸೆಲ್ ಎಂಜಿನ್ನಿಗೆ ಎಂಥ ಬ್ಯಾಟರಿ? ತೆರಿಗೆ ಇಳಿದ ಹೊತ್ತಿನಲ್ಲಿ ಒಂದು ಲೆಕ್ಕಾಚಾರ



ಸರಕು ಮತ್ತು ಸೇವಾ ತೆರಿಗೆಯ ಹೊಸ ದರಗಳು 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದವು. ಅವುಗಳಲ್ಲಿ ಎರಡು ಬದಲಾವಣೆಗಳು ಸಣ್ಣ ಯಂತ್ರ ಇಟ್ಟುಕೊಂಡಿರುವ ರೈತನಿಗೆ ನೇರವಾಗಿ ಸಂಬಂಧಪಟ್ಟವು. 15 ಅಶ್ವಶಕ್ತಿ ಮೀರದ, ಒಂದೇ ವೇಗದಲ್ಲಿ ಓಡುವ ಡೀಸೆಲ್ ಎಂಜಿನ್ನುಗಳ ಮೇಲಿನ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಸೀಸ ಮತ್ತು ಆಮ್ಲದ ಬ್ಯಾಟರಿಗಳ ಮೇಲಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿಯಿತು.

ತೆರಿಗೆ ಇಳಿದದ್ದು ಒಳ್ಳೆಯದೇ. ಆದರೆ ಅಂಗಡಿಯವರು ಈ ಸಂದರ್ಭವನ್ನು ಬಿಟ್ಟುಕೊಡುವವರಲ್ಲ. ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವ ಎಂಜಿನ್ ಕೇಳಲು ಹೋದವನಿಗೆ “ಗುಂಡಿ ಒತ್ತಿದರೆ ಸಾಕು, ಸೆಲ್ಫ್ ಇದೆ” ಎಂದು ಇನ್ನೊಂದನ್ನು ತೋರಿಸುತ್ತಾರೆ. ಸೆಲ್ಫ್ ಬಂದ ಮೇಲೆ ಬ್ಯಾಟರಿಯೂ ಬರಲೇಬೇಕು. ಎಂಜಿನ್ ಒಂದು ಸಲ ಕೊಂಡರೆ ಹತ್ತು ಹನ್ನೆರಡು ವರ್ಷ ಬಾಳುತ್ತದೆ. ಬ್ಯಾಟರಿ ಹಾಗಲ್ಲ, ಅದು ಮೇಲಿಂದ ಮೇಲೆ ಕೈಬಿಚ್ಚಿಸುವ ವಸ್ತು. ಮದಕರಿಪುರದ ಸುತ್ತ ಶೇಂಗಾ, ಮೆಕ್ಕೆಜೋಳ, ರಾಗಿ ಬೆಳೆಯುವವರಿಗೂ, ಹೊಸದುರ್ಗ, ಹೊಳಲ್ಕೆರೆ ಕಡೆಯ ತೋಟದವರಿಗೂ ಈ ಲೆಕ್ಕ ಒಂದೇ. ಅದನ್ನು ಕೂತು ನಿಧಾನವಾಗಿ ನೋಡೋಣ.

ತೆರಿಗೆ ಉಳಿತಾಯ ಎಷ್ಟು, ಬ್ಯಾಟರಿ ಖರ್ಚು ಎಷ್ಟು?

ತೆರಿಗೆ ಬಿಟ್ಟು 30,000 ರೂಪಾಯಿ ಬೆಲೆಯ ಎಂಜಿನ್ ಒಂದನ್ನು ಉದಾಹರಣೆಗೆ ಇಟ್ಟುಕೊಳ್ಳಿ. ಹಿಂದೆ ತೆರಿಗೆ 3,600 ರೂಪಾಯಿ ಆಗುತ್ತಿತ್ತು, ಹೊಸ ದರದಲ್ಲಿ 1,500. ನಿಮಗೆ ಉಳಿಯುವುದು 2,100 ರೂಪಾಯಿ. ತೆರಿಗೆ ಬಿಟ್ಟು 3,000 ರೂಪಾಯಿ ಬೆಲೆಯ ಬ್ಯಾಟರಿಗೆ ಹಿಂದೆ 3,840 ಕೊಡಬೇಕಾಗಿತ್ತು, ಹೊಸ ದರದಲ್ಲಿ 3,540. ಉಳಿಯುವುದು 300 ರೂಪಾಯಿ.

ಈಗ ಹನ್ನೆರಡು ವರ್ಷದ ಲೆಕ್ಕ ಹಾಕಿ. ಆರೈಕೆ ಇಲ್ಲದ ಬ್ಯಾಟರಿ ಎರಡೇ ವರ್ಷಕ್ಕೆ ಸತ್ತರೆ ಆರು ಬ್ಯಾಟರಿ ಕೊಳ್ಳಬೇಕು. ಸರಿಯಾದದ್ದನ್ನು ಆರಿಸಿ ನಾಲ್ಕು ವರ್ಷ ಬಾಳಿಸಿದರೆ ಮೂರು ಸಾಕು. ವ್ಯತ್ಯಾಸ ಮೂರು ಬ್ಯಾಟರಿ, ಅಂದರೆ 10,620 ರೂಪಾಯಿ. ಎಂಜಿನ್ನಿನ ಮೇಲೆ ಸರ್ಕಾರ ಬಿಟ್ಟುಕೊಟ್ಟ ತೆರಿಗೆಯ ಐದು ಪಟ್ಟು ಹಣ ನಿಮ್ಮ ಆಯ್ಕೆ ಮತ್ತು ಆರೈಕೆಯಲ್ಲಿಯೇ ಅಡಗಿದೆ.

ಹಣಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮದು ಮಳೆ ಕಡಿಮೆಯ ಜಿಲ್ಲೆ. ಮಳೆ ಬಿದ್ದ ಮೇಲೆ ಕೆಂಪು ನೆಲದಲ್ಲಿ ಹದ ನಿಲ್ಲುವುದು ಕೆಲವೇ ದಿನ. ಆ ದಿನ ಬೆಳಿಗ್ಗೆ ಎಂಜಿನ್ ಕೆಮ್ಮಿ ನಿಂತರೆ, ಪೇಟೆಗೆ ಹೋಗಿ ಬ್ಯಾಟರಿ ಚಾರ್ಜ್ ಮಾಡಿಸಿ ತರುವಷ್ಟರಲ್ಲಿ ಹದ ಆರಿಹೋಗುತ್ತದೆ. ಆ ನಷ್ಟವನ್ನು ಯಾವ ಗ್ಯಾರಂಟಿ ಕಾರ್ಡೂ ತುಂಬಿಕೊಡುವುದಿಲ್ಲ.

ಬೈಕಿನಲ್ಲಿ ಡೀಸೆಲ್: ಹಳೆಯ ಅನುಭವ

ಸಣ್ಣ ಡೀಸೆಲ್ ಎಂಜಿನ್ನನ್ನು ಮೋಟಾರ್ ಸೈಕಲ್ಲಿಗೆ ಕೂರಿಸುವ ಯೋಚನೆ ನಮ್ಮ ದೇಶಕ್ಕೆ ಹೊಸದಲ್ಲ. ಪಂಪ್‌ಸೆಟ್ಟಿನ ಎಂಜಿನ್ನನ್ನು ಬುಲೆಟ್ಟಿನ ಚೌಕಟ್ಟಿಗೆ ಹಾಕಿ ಓಡಿಸಿದ ಮೆಕ್ಯಾನಿಕ್ಕುಗಳು ಉತ್ತರ ಭಾರತದಲ್ಲಿ ಹಲವರಿದ್ದರು. ಮದರಾಸಿನ ಎನ್‌ಫೀಲ್ಡ್ ಕಂಪನಿಯೇ 325 ಸಿ.ಸಿ.ಯ ಡೀಸೆಲ್ ಬೈಕನ್ನು ಮಾರಾಟಕ್ಕೆ ತಂದಿತು. ಅದಕ್ಕೆ ಗ್ರೀವ್ಸ್ ಲೊಂಬಾರ್ಡಿನಿ ಎಂಜಿನ್, ಶಕ್ತಿ ಸುಮಾರು ಆರೂವರೆ ಅಶ್ವಶಕ್ತಿ. ಮುಂದೆ ಅದು ಟಾರಸ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ವೇಗ ಕಡಿಮೆ, ನಡುಕ ಹೆಚ್ಚು, ಆದರೆ ಡೀಸೆಲ್ ಕುಡಿಯುವುದು ಬಹಳ ಕಡಿಮೆ. ಹಾಲಿನವರು, ತರಕಾರಿಯವರು ಅದನ್ನು ಮೆಚ್ಚಿದ್ದು ಇದಕ್ಕಾಗಿ. ಹೊಗೆಯ ನಿಯಮಗಳು ಬಿಗಿಯಾದಾಗ, 2000ದ ಸುಮಾರಿಗೆ, ಅದರ ತಯಾರಿಕೆ ನಿಂತಿತು.

ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖ್‌ಭಾಯಿ ಜಗಾನಿ ಎಂಬ ರೈತರ ಪ್ರಯೋಗ ನಮಗೆ ಇನ್ನೂ ಹತ್ತಿರದ್ದು. ಅಮ್ರೇಲಿಯೂ ನಮ್ಮಂತೆಯೇ ಬರದ ನಾಡು, ಶೇಂಗಾದ ನಾಡು. ಮೇವಿಲ್ಲದೆ ಎತ್ತು ಸಾಕಲಾಗದ ಸ್ಥಿತಿಯಲ್ಲಿ ಅವರು 1990ರ ದಶಕದಲ್ಲಿ ಎನ್‌ಫೀಲ್ಡ್ ಬೈಕಿನ ಹಿಂದಿನ ಚಕ್ರ ತೆಗೆದು, ಅಲ್ಲಿ ಎರಡು ಚಕ್ರದ ಅಚ್ಚು ಮತ್ತು ಕುಂಟೆ ಕಟ್ಟುವ ಚೌಕಟ್ಟು ಜೋಡಿಸಿ, ಸಣ್ಣ ಡೀಸೆಲ್ ಎಂಜಿನ್ ಕೂರಿಸಿದರು. ‘ಬುಲೆಟ್ ಸಾಂತಿ’ ಎಂದು ಹೆಸರಾದ ಆ ಯಂತ್ರಕ್ಕೆ ಪೇಟೆಂಟ್ ದೊರೆಯಿತು. ಸೌರಾಷ್ಟ್ರದಲ್ಲಿ ಅದರ ಮಾದರಿಯವು ಎಷ್ಟೋ ಹುಟ್ಟಿದವು. ಎತ್ತಿನ ಜೋಡಿಯ ಬೆಲೆ ಕೈಗೆಟುಕದ ಸಣ್ಣ ರೈತನಿಗೆ ಎಡೆ ಹೊಡೆಯಲು ಒಂದು ದಾರಿ ಸಿಕ್ಕಿತು.

ಇಂಥದ್ದನ್ನು ಇಲ್ಲಿ ಮಾಡಿಸುವವರಿಗೆ ಒಂದು ಎಚ್ಚರಿಕೆ. ಹೊಲದಲ್ಲಿ ಓಡುವ ಯಂತ್ರದ ಮಾತು ಬೇರೆ, ನೋಂದಣಿಯಾಗಿ ರಸ್ತೆಯಲ್ಲಿ ಓಡುವ ಬೈಕಿನ ಮಾತು ಬೇರೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಆಗಬಹುದು. ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ. ಎಂಜಿನ್ ಬದಲಿಸುವ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸಿರಿ.

ಡೀಸೆಲ್ ಎಂಜಿನ್ನಿಗೆ ಬಲ ಏಕೆ ಹೆಚ್ಚು ಬೇಕು?

ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿ ಬೆಂಕಿ ಹಚ್ಚುತ್ತದೆ. ಡೀಸೆಲ್ಲಿನಲ್ಲಿ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನೇಳು ಹದಿನೆಂಟರಲ್ಲಿ ಒಂದು ಪಾಲಿಗೆ ಅದುಮಿದಾಗ ಅದು ಕಾದು, ಸಿಂಪಡಿಸಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದನ್ನು ನೀವು ಕಂಡಿದ್ದೀರಿ. ಇಲ್ಲಿಯೂ ತತ್ವ ಅದೇ. ನಿಧಾನವಾಗಿ ತಿರುಗಿಸಿದರೆ ಅದುಮಿದ ಗಾಳಿ ಸೋರಿ, ಶಾಖವೂ ಲೋಹಕ್ಕೆ ಹೋಗಿ, ಎಂಜಿನ್ ಹತ್ತುವುದಿಲ್ಲ. ಆದ್ದರಿಂದ ಜೋರಾಗಿಯೂ ತಿರುಗಿಸಬೇಕು, ಬಲವಾಗಿಯೂ ತಿರುಗಿಸಬೇಕು. ಮಾಗಿಯ ಚಳಿಯ ಬೆಳಗ್ಗೆ ಆಯಿಲ್ ಗಟ್ಟಿಯಾದಾಗ ಇದು ಇನ್ನೂ ಕಷ್ಟ.

ಈ ಕೆಲಸಕ್ಕೆ ಎಷ್ಟು ಕರೆಂಟು ಬೇಕು? ಒಂದು ಕಿಲೋವ್ಯಾಟಿನ ಸೆಲ್ಫ್ ಮೋಟಾರನ್ನು ತೆಗೆದುಕೊಳ್ಳಿ. ಭಾರ ಬಿದ್ದಾಗ 12 ವೋಲ್ಟಿನ ಬ್ಯಾಟರಿ ಸುಮಾರು 10 ವೋಲ್ಟಿಗೆ ಇಳಿಯುತ್ತದೆ. ಏನೂ ಪೋಲಾಗದಿದ್ದರೂ 100 ಆಂಪಿಯರ್ ಬೇಕು. ಮೋಟಾರಿನಲ್ಲಿ ಶಾಖವಾಗಿ ಹೋಗುವುದನ್ನು ಸೇರಿಸಿದರೆ 150 ಎಂದು ಹಿಡಿಯಬಹುದು. ತಿರುಗಲು ತೊಡಗುವ ಮೊದಲ ಕ್ಷಣದಲ್ಲಿ ಇನ್ನೂ ಹೆಚ್ಚು ಎಳೆಯುತ್ತದೆ. ಸಾಮಾನ್ಯ ಪೆಟ್ರೋಲ್ ಬೈಕಿನ ಪುಟ್ಟ ಬ್ಯಾಟರಿಗೆ ಇಷ್ಟು ತಾಕತ್ತಿಲ್ಲ. ಅದನ್ನು ಇಲ್ಲಿಗೆ ಹಾಕಿದರೆ ಎಳೆಗರುವಿನ ಕೊರಳಿಗೆ ನೊಗ ಹೂಡಿದಂತೆ.

ಚೀಟಿಯ ಮೇಲಿನ ಎರಡು ಸಂಖ್ಯೆಗಳು

ಬ್ಯಾಟರಿಯ ಮೇಲಿನ ಚೀಟಿಯಲ್ಲಿ ಎರಡು ಸಂಖ್ಯೆ ನೋಡಿರಿ. ಮೊದಲನೆಯದು ಎ.ಎಚ್., ಅಂದರೆ ಆಂಪಿಯರ್-ಗಂಟೆ. ಸಾಮಾನ್ಯವಾಗಿ ಇದನ್ನು 20 ಗಂಟೆಯ ಲೆಕ್ಕದಲ್ಲಿ ಹೇಳುತ್ತಾರೆ. 36 ಎ.ಎಚ್. ಬ್ಯಾಟರಿ ಎಂದರೆ 1.8 ಆಂಪಿಯರನ್ನು 20 ಗಂಟೆ ಕೊಡಬಲ್ಲದು. ಎರಡನೆಯದು ಸಿ.ಸಿ.ಎ. ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ, 7.2 ವೋಲ್ಟಿಗಿಂತ ಕೆಳಗಿಳಿಯದೆ, 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಅಳತೆ ಅದು. ಅಂಥ ಚಳಿ ನಮ್ಮಲ್ಲಿ ಇಲ್ಲ. ಆದರೂ ಎರಡು ಬ್ಯಾಟರಿಗಳ ತಾಕತ್ತನ್ನು ಹೋಲಿಸಲು ಈ ಸಂಖ್ಯೆಯೇ ಸರಿಯಾದ ತಕ್ಕಡಿ.

ನೀರಿನ ತೊಟ್ಟಿಯನ್ನು ನೆನಪಿಗೆ ತಂದುಕೊಳ್ಳಿ. ಎ.ಎಚ್. ತೊಟ್ಟಿಯ ಗಾತ್ರ, ಸಿ.ಸಿ.ಎ. ಅದರ ಕೊಳವೆಯ ಅಗಲ. ಎಂಜಿನ್ ಚಾಲೂ ಮಾಡಲು ಬೇಕಾದದ್ದು ಅಗಲವಾದ ಕೊಳವೆ. 150 ಆಂಪಿಯರನ್ನು ಐದು ಸೆಕೆಂಡು ಎಳೆದರೂ ಖರ್ಚಾಗುವುದು ಕಾಲು ಆಂಪಿಯರ್-ಗಂಟೆಗಿಂತ ಕಡಿಮೆ. ಎಂಜಿನ್ ಐದಾರು ನಿಮಿಷ ಓಡಿ ಚಾರ್ಜ್ ಆದರೆ ಅದು ಮರಳಿ ತುಂಬುತ್ತದೆ.

ಹೀಗಾಗಿಯೇ ಮನೆಯ ಇನ್ವರ್ಟರಿನ ಬ್ಯಾಟರಿ ಎಷ್ಟೇ ದೊಡ್ಡದಾಗಿದ್ದರೂ ಎಂಜಿನ್ನಿಗೆ ಹೇಳಿಸಿದ್ದಲ್ಲ. ಅದರೊಳಗಿನ ಪ್ಲೇಟುಗಳು ದಪ್ಪ. ನಿಧಾನವಾಗಿ ಬಹಳ ಹೊತ್ತು ಕೊಡುವುದು ಅದರ ಗುಣ. ಎಂಜಿನ್ ಬ್ಯಾಟರಿಯಲ್ಲಿ ತೆಳು ಪ್ಲೇಟುಗಳು ಹೆಚ್ಚು. ಒಮ್ಮೆಲೇ ಕೊಡುವುದು ಅದರ ಗುಣ. ಇದರ ತಿರುಗಾಮುರುಗಾ ತಪ್ಪೂ ನಮ್ಮ ಹಳ್ಳಿಗಳಲ್ಲಿ ನಡೆಯುತ್ತದೆ. ಕರೆಂಟು ಹೋದಾಗ ಟ್ರ್ಯಾಕ್ಟರಿನ ಅಥವಾ ಟಿಲ್ಲರಿನ ಬ್ಯಾಟರಿ ಬಿಚ್ಚಿ ದೀಪಕ್ಕೆ, ಬೇಲಿಯ ಝಟಕಾ ಯಂತ್ರಕ್ಕೆ ಕೊಡುವವರಿದ್ದಾರೆ. 9 ವ್ಯಾಟಿನ ನಾಲ್ಕು ಬಲ್ಬು ಸುಮಾರು 3 ಆಂಪಿಯರ್ ಎಳೆಯುತ್ತವೆ. ಹತ್ತು ಗಂಟೆಗೆ 30 ಆಂಪಿಯರ್-ಗಂಟೆ. 36ರ ಬ್ಯಾಟರಿ ಬೆಳಗಾಗುವಷ್ಟರಲ್ಲಿ ತಳ ಕಾಣುತ್ತದೆ. ಹೀಗೆ ನಾಲ್ಕಾರು ಸಲ ತಳ ಕಂಡ ತೆಳು ಪ್ಲೇಟಿನ ಬ್ಯಾಟರಿ ಮತ್ತೆ ಮೊದಲಿನಂತಾಗುವುದಿಲ್ಲ.

ಹಾಗಾದರೆ ಯಾವುದನ್ನು ಆರಿಸಬೇಕು?

ಎಂಜಿನ್ ಜೊತೆ ಬಂದ ಪುಸ್ತಕವೇ ಮೊದಲ ಪ್ರಮಾಣ. ಅದರಲ್ಲಿ ಬರೆದ ಅಳತೆಗಿಂತ ಸಣ್ಣದನ್ನು ಯಾರು ಹೇಳಿದರೂ ಹಾಕಬೇಡಿ. ಪುಸ್ತಕ ಕಳೆದುಹೋಗಿದ್ದರೆ, 300ರಿಂದ 400 ಸಿ.ಸಿ.ಯ ಒಂಟಿ ಸಿಲಿಂಡರ್ ಎಂಜಿನ್ನಿಗೆ 12 ವೋಲ್ಟಿನ 24ರಿಂದ 36 ಎ.ಎಚ್. ಬ್ಯಾಟರಿ ಸಾಮಾನ್ಯ ಅಳತೆ. ಎಂಜಿನ್ ಹಳೆಯದಾಗಿ ಸವೆದಿದ್ದರೆ 36ರ ಕಡೆಗೇ ವಾಲುವುದು ಕ್ಷೇಮ. ಎರಡು ಬ್ಯಾಟರಿಗಳ ಎ.ಎಚ್. ಒಂದೇ ಆಗಿದ್ದರೆ ಸಿ.ಸಿ.ಎ. ಹೆಚ್ಚಿರುವುದನ್ನು ತೆಗೆದುಕೊಳ್ಳಿ.

ಬಗೆಗಳು ಮೂರು. ನೀರು ಹಾಕುವ ಸಾಮಾನ್ಯ ಬ್ಯಾಟರಿ ಅಗ್ಗ, ಒಳಗಿನ ಸ್ಥಿತಿಯನ್ನು ಕಣ್ಣಿಂದ ನೋಡಬಹುದು, ಆದರೆ ನೆಟ್ಟಗೇ ಇರಬೇಕು. ವಾಲಿದರೆ ಆಮ್ಲ ಚೆಲ್ಲುತ್ತದೆ. ಆಮ್ಲವನ್ನು ಹತ್ತಿಯಂಥ ಗಾಜಿನ ಹಾಳೆಯಲ್ಲಿ ಹೀರಿಸಿ ಮುಚ್ಚಿದ ಬ್ಯಾಟರಿ ಎರಡನೆಯದು. ಅಲುಗಾಟವನ್ನು ಚೆನ್ನಾಗಿ ತಾಳುತ್ತದೆ, ನೀರು ಹಾಕುವ ಕೆಲಸವಿಲ್ಲ. ಬೆಲೆ ಹೆಚ್ಚು, ಮತ್ತು ಅತಿ ಚಾರ್ಜ್ ಆದರೆ ಒಣಗಿ ಸಾಯುತ್ತದೆ. ಮೂರನೆಯದು ಲಿಥಿಯಂ. ಬಹಳ ಹಗುರ, ಬೇಗ ತುಂಬುತ್ತದೆ. ಆದರೆ ಹಳೆಯ ಎಂಜಿನ್ನಿನ ಡೈನಮೋ ಮತ್ತು ರೆಗ್ಯುಲೇಟರು ಅದಕ್ಕೆ ಹೊಂದುವಂಥದ್ದಲ್ಲದಿದ್ದರೆ ಅಪಾಯ. ಹಳೆಯ ಸ್ಕೂಟರ್ ಸೆಲ್ಲುಗಳನ್ನು ಜೋಡಿಸಿ ಅಗ್ಗವಾಗಿ ಕೊಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ.

ಒಂಟಿ ಸಿಲಿಂಡರಿನ ಡೀಸೆಲ್ ಯಂತ್ರದ ನಡುಕ ನಿಮಗೆ ಗೊತ್ತು. ದುಡ್ಡಿಗೆ ಅಡ್ಡಿಯಿಲ್ಲದಿದ್ದರೆ, ಹೊಲದಲ್ಲಿ ವಾಲುತ್ತ ಓಡುವ ಯಂತ್ರಕ್ಕೆ ಎರಡನೆಯ ಬಗೆ ಉತ್ತಮ. ಒಂದೇ ಕಡೆ ನಿಂತು ನೀರೆತ್ತುವ ಎಂಜಿನ್ನಿಗೆ ನೀರು ಹಾಕುವ ಬ್ಯಾಟರಿಯೇ ಸಾಕು.

ಅಂಗಡಿಯಲ್ಲಿ ಮೂರು ಕೆಲಸ ಮಾಡದೆ ಹೊರಡಬೇಡಿ. ತಯಾರಾದ ತಿಂಗಳು, ವರ್ಷ ಕೇಳಿ ನೋಡಿರಿ. ಮೂರು ತಿಂಗಳಿಗಿಂತ ಹಳೆಯ ಸರಕು ಬೇಡ. ಮೀಟರ್ ಇಟ್ಟು ವೋಲ್ಟ್ ಅಳೆಸಿರಿ. ಪೂರ್ತಿ ತುಂಬಿದ್ದು 12.6ರ ಮೇಲಿರಬೇಕು. 12.2 ತೋರಿಸಿದರೆ ಅರ್ಧ ಖಾಲಿ ಎಂದರ್ಥ. ಗ್ಯಾರಂಟಿಯಲ್ಲಿ ಎಷ್ಟು ತಿಂಗಳು ಪೂರ್ಣ ಬದಲಾವಣೆ, ಎಷ್ಟು ತಿಂಗಳು ಬೆಲೆಯಲ್ಲಿ ಸ್ವಲ್ಪ ಮಾತ್ರ ಬಿಡುವುದು ಎಂಬುದನ್ನು ಬೇರೆ ಬೇರೆಯಾಗಿ ಕೇಳಿರಿ. “ಮೂರು ವರ್ಷ ಗ್ಯಾರಂಟಿ” ಎಂಬ ಒಂದೇ ಮಾತಿನೊಳಗೆ ಈ ಎರಡೂ ಸೇರಿಕೊಂಡಿರಬಹುದು. ರಸೀದಿಯಲ್ಲಿ ತೆರಿಗೆ ಶೇಕಡಾ 18 ಎಂದೇ ಇರಬೇಕು.

ಬ್ಯಾಟರಿ ಸರಿಯಿದ್ದೂ ಎಂಜಿನ್ ಹತ್ತದಿದ್ದರೆ

ಹೊಸ ಬ್ಯಾಟರಿ ತಂದರೂ ಎಂಜಿನ್ ಹತ್ತಲಿಲ್ಲವೆಂದು ಬ್ಯಾಟರಿಯನ್ನು ಬೈಯುವವರು ಬಹಳ. ತಪ್ಪು ಎಷ್ಟೋ ಸಲ ತಂತಿಯದು. ಬ್ಯಾಟರಿಯಿಂದ ಸೆಲ್ಫಿಗೆ ಹೋಗಿ ಬರುವ ತಂತಿ ಒಟ್ಟು ಎರಡು ಮೀಟರ್ ಎನ್ನಿ. 16 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ 150 ಆಂಪಿಯರ್ ಹರಿದಾಗ ನಷ್ಟವಾಗುವುದು ಮೂರನೆಯ ಒಂದು ವೋಲ್ಟ್ ಮಾತ್ರ. ಮನೆಯಲ್ಲಿ ಸಿಕ್ಕಿದ 4 ಚದರ ಮಿಲಿಮೀಟರಿನ ತಂತಿ ಕಟ್ಟಿದರೆ 1.3 ವೋಲ್ಟ್ ತಂತಿಯಲ್ಲಿಯೇ ಹೋಗುತ್ತದೆ, ತಂತಿಯೂ ಸುಡುತ್ತದೆ. ಆದ್ದರಿಂದ ದಪ್ಪ ತಂತಿ, ಗಿಡ್ಡ ತಂತಿ, ಬಿಗಿಯಾದ ಜೋಡಣೆ ಇರಲಿ. ನೆಲದ ತಂತಿ ಕೂರುವ ಜಾಗದ ಬಣ್ಣ, ತುಕ್ಕು ಕೆರೆದು ಹೊಳೆಯುವ ಲೋಹ ಕಾಣಬೇಕು.

ಸೆಲ್ಫ್ ತಿರುಗುವಾಗ ಬ್ಯಾಟರಿಯ ವೋಲ್ಟ್ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ದುರ್ಬಲವಾಗಿದೆ, ಇಲ್ಲವೆ ತುಂಬಿಲ್ಲ. ಎಂಜಿನ್ ನಡುವೇಗದಲ್ಲಿ ಓಡುವಾಗ ವೋಲ್ಟ್ 13.8ರಿಂದ 14.5ರೊಳಗೆ ಇರಬೇಕು. ಇದಕ್ಕಿಂತ ಬಹಳ ಕಡಿಮೆಯಿದ್ದರೆ ಡೈನಮೋ ತುಂಬಿಸುತ್ತಿಲ್ಲ, 14.8 ದಾಟಿದರೆ ಬ್ಯಾಟರಿ ಕುದಿಯುತ್ತದೆ. ಕೆಲವು ನೂರು ರೂಪಾಯಿಯ ಒಂದು ಮೀಟರ್ ಊರಿಗೊಂದಿದ್ದರೂ ಎಷ್ಟೋ ಬ್ಯಾಟರಿ ಉಳಿಯುತ್ತವೆ.

ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ. ಹತ್ತದಿದ್ದರೆ ಅರ್ಧ ನಿಮಿಷವಾದರೂ ಬಿಟ್ಟು ಮತ್ತೆ ಒತ್ತಿ. ಮೂರು ಸಲಕ್ಕೂ ಹತ್ತದಿದ್ದರೆ ಡೀಸೆಲ್ ಬರುತ್ತಿದೆಯೇ, ಕೊಳವೆಯಲ್ಲಿ ಗಾಳಿ ಸೇರಿದೆಯೇ ನೋಡಿರಿ. ಎಂಜಿನ್ನಿಗೆ ಡಿಕಂಪ್ರೆಷನ್ ಹಿಡಿ ಇದ್ದರೆ ಅದನ್ನು ಎತ್ತಿ ನಾಲ್ಕು ಸುತ್ತು ತಿರುಗಿಸಿ, ವೇಗ ಬಂದ ಮೇಲೆ ಬಿಡಿ.

ನೀರು, ಬಿಸಿಲು, ಅಲುಗಾಟ

ನೀರು ಹಾಕುವ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬೋರ್‌ವೆಲ್ ನೀರಿನಲ್ಲಿ ಲವಣ ಹೆಚ್ಚು. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಇರುವುದು ನಿಮಗೆ ತಿಳಿದದ್ದೇ. ಅದು ಬೇಡವೆಂದು ಶುದ್ಧ ಕುಡಿಯುವ ನೀರಿನ ಘಟಕದ ನೀರು ಹಾಕುವವರೂ ಇದ್ದಾರೆ. ಆ ನೀರು ಕುಡಿಯಲು ಶುದ್ಧ, ಬ್ಯಾಟರಿಗೆ ಶುದ್ಧವಲ್ಲ. ಅದರಲ್ಲಿಯೂ ಲವಣ ಉಳಿದಿರುತ್ತದೆ. ನೀರಿನ ಮಟ್ಟ ಇಳಿದಾಗ ಆಮ್ಲ ಹಾಕುವುದೂ ತಪ್ಪು; ಆವಿಯಾಗುವುದು ನೀರು ಮಾತ್ರ.

ಬಿಸಿಲು ಬ್ಯಾಟರಿಯ ಶತ್ರು. ಹತ್ತು ಡಿಗ್ರಿ ಬಿಸಿ ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಬ್ಯಾಟರಿ ತಿಳಿದವರ ಲೆಕ್ಕ. ಎಂಜಿನ್ನಿನ ಸೈಲೆನ್ಸರಿನಿಂದ ದೂರ ಕೂರಿಸಿ, ಬೇಸಗೆಯಲ್ಲಿ ಯಂತ್ರವನ್ನು ನೆರಳಿಗೆ ನಿಲ್ಲಿಸಿ. ಕೆಳಗೆ ಹಳೆಯ ಟ್ಯೂಬಿನ ರಬ್ಬರು ಹಾಸಿ, ಮೇಲೆ ಪಟ್ಟಿ ಬಿಗಿದು ಅಲುಗದಂತೆ ಮಾಡಿ. ಕೆಲಸವಿಲ್ಲದ ತಿಂಗಳುಗಳಲ್ಲಿ ತಂತಿ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿಸಿ. ಖಾಲಿಯಾಗಿ ಬಿದ್ದ ಬ್ಯಾಟರಿಯ ಪ್ಲೇಟಿನ ಮೇಲೆ ಬಿಳಿ ಗಟ್ಟಿ ಪದರ ಕಟ್ಟುತ್ತದೆ, ಆಮೇಲೆ ಅದು ಕರಗುವುದಿಲ್ಲ.

ಬಿಚ್ಚುವಾಗ ಮೊದಲು ಋಣದ ತಂತಿ, ಕೂರಿಸುವಾಗ ಕೊನೆಗೆ ಋಣದ ತಂತಿ. ಚಾರ್ಜ್ ಆಗುವ ಬ್ಯಾಟರಿಯಿಂದ ಬರುವ ಅನಿಲ ಬೆಂಕಿ ಕಂಡರೆ ಸಿಡಿಯುತ್ತದೆ. ಹತ್ತಿರ ಬೀಡಿ ಹಚ್ಚಬೇಡಿ. ಆಮ್ಲ ಕಣ್ಣಿಗೆ, ಮೈಗೆ ತಾಗಿದರೆ ತಡಮಾಡದೆ ಬಹಳ ಹೊತ್ತು ನೀರಿನಿಂದ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ತೊಳೆದ ಮೇಲೆ ವೈದ್ಯರ ಬಳಿಗೆ ಹೋಗಿರಿ.

ಸತ್ತ ಬ್ಯಾಟರಿಗೂ ಬೆಲೆಯಿದೆ

ಬ್ಯಾಟರಿಯ ತೂಕದಲ್ಲಿ ಹೆಚ್ಚುಭಾಗ ಸೀಸ. ಸೀಸ ಕರಗಿಸಿ ಮತ್ತೆ ಬಳಸಬಹುದಾದ್ದರಿಂದ ಹಳೆಯದಕ್ಕೂ ಬೆಲೆಯುಂಟು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಅದನ್ನು ಬೇರೆ ಕಸದೊಡನೆ ಬೆರೆಸದೆ ಸರಿಯಾದ ಕಡೆಗೆ ಒಪ್ಪಿಸುವುದು ಬಳಸಿದವರ ಕರ್ತವ್ಯ. ಹೊಸದನ್ನು ಕೊಳ್ಳುವಾಗ ಹಳೆಯದನ್ನು ತೂಗಿಸಿ ಬೆಲೆಯಲ್ಲಿ ಇಳಿಸಿಕೊಳ್ಳಿ. ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು ಮನೆಯಂಗಳದಲ್ಲಿ ಒಡೆದು ಸೀಸ ಕಾಯಿಸುವುದು ಮಾತ್ರ ಬೇಡವೇ ಬೇಡ. ಸೀಸದ ಹೊಗೆ, ದೂಳು ಮಕ್ಕಳ ಮೆದುಳಿನ ಬೆಳವಣಿಗೆಯನ್ನೇ ಕುಂದಿಸುತ್ತದೆ. ಚೆಲ್ಲಿದ ಆಮ್ಲ ಮಣ್ಣನ್ನು ಕೆಡಿಸುತ್ತದೆ.

ಕೊನೆಯ ಮಾತು

ಸೆಲ್ಫ್ ಬೇಕೇ ಬೇಡವೇ ಎಂಬುದನ್ನು ಮನೆಯ ಸ್ಥಿತಿ ನೋಡಿ ತೀರ್ಮಾನಿಸಿರಿ. ವಯಸ್ಸಾದವರು ಅಥವಾ ಹೆಣ್ಣುಮಕ್ಕಳು ಯಂತ್ರ ನಡೆಸುವ ಮನೆಗೆ ಸೆಲ್ಫ್ ಒಂದು ದೊಡ್ಡ ಅನುಕೂಲ. ಹ್ಯಾಂಡಲ್ ಹಿಂದಕ್ಕೆ ಒದ್ದು ಮಣಿಕಟ್ಟು ಮುರಿಯುವ ಭಯವೂ ತಪ್ಪುತ್ತದೆ. ಗಟ್ಟಿ ಕೈ ಇರುವ, ವರ್ಷದಲ್ಲಿ ಇಪ್ಪತ್ತು ಮೂವತ್ತು ದಿನ ಮಾತ್ರ ಯಂತ್ರ ಎಬ್ಬಿಸುವ ಮನೆಗೆ ಹ್ಯಾಂಡಲ್ಲೇ ಸಾಕು. ನಿಂತಲ್ಲೇ ಸಾಯುವ ಬ್ಯಾಟರಿಗೆ ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಸೆಲ್ಫ್ ಕೊಳ್ಳುವುದೇ ಆದರೆ ಹ್ಯಾಂಡಲ್ಲಿನ ಅಥವಾ ಒದೆಯುವ ಕಿಕ್ಕರಿನ ವ್ಯವಸ್ಥೆಯೂ ಜೊತೆಗಿರುವ ಎಂಜಿನ್ನನ್ನೇ ಕೇಳಿ ತನ್ನಿ. ಮುಂಗಾರಿನ ಹದದ ದಿನ ಬ್ಯಾಟರಿ ಕೈಕೊಟ್ಟರೆ ರಟ್ಟೆಯಾದರೂ ಕೈಹಿಡಿಯಬೇಕು.